ಕೌದಿ ಹೊದ್ದ ಪೀಪಾಯಿ

ಕರೆಂಟಿನ ರೇಟು ಮತ್ತೆ ಏರಿದೆ. ಪೇಪರಿನಲ್ಲಿ ಆ ಸುದ್ದಿ ಬಂದ ದಿನ ಬಾಗೇವಾಡಿಯ ನಮ್ಮ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ಎಲ್ಲರೂ ಸೇರಿ ಹಿಡಿಶಾಪ ಹಾಕಿದೆವು. ಹಾಕುತ್ತಲೇ ನಾನು ಕಿಟಕಿ ಪಕ್ಕದ ಕುರ್ಚಿಯ ಕಡೆ ನೋಡಿದೆ. ರೇಟು ಏರಿದ ದಿನ ಇಡೀ ಊರಿನಲ್ಲಿ ನಗುತ್ತಿದ್ದ ಒಬ್ಬನೇ ಒಬ್ಬ ಮನುಷ್ಯ ಕೂಡುತ್ತಿದ್ದ ಕುರ್ಚಿ ಅದು. ಈಗ ಅದರ ಮೇಲೆ ಹೊಸ ಡ್ರಿಲ್ ಮಾಸ್ತರರ ಸೀಟಿ ಮತ್ತು ಟೊಪ್ಪಿಗೆ ಇರುತ್ತವೆ. ನಗುತ್ತಿದ್ದವರು ರಿಟೈರಾಗಿ ತಮ್ಮೂರು ಯಂಕಂಚಿಗೆ ಹೋಗಿ ಮೂರು ವರ್ಷ, ತೀರಿಕೊಂಡು ಎರಡು ತಿಂಗಳು. ಆದರೂ "ಸರ, ಮತ್ತ ಏರೈತ್ರಿ" ಎಂದು ಹೇಳಲು ನನ್ನ ಬಾಯಿ ತೆರೆದೇಬಿಟ್ಟಿತ್ತು. ಆಕಳಿಕೆ ಬಂದವನಂತೆ ಕೈ ಅಡ್ಡ ಹಿಡಿದು ಮುಚ್ಚಿಕೊಂಡೆ.

ಅವರು ವಿಜ್ಞಾನ ಕಲಿಸುತ್ತಿದ್ದರು. ಊರಿಗೆಲ್ಲ ಸೈನ್ಸ್ ಮಾಸ್ತರು. ನಾನು ಇತಿಹಾಸದವನು. ಆಗಿಹೋದ ಅನಾಹುತಗಳನ್ನು ವರ್ಷಗಟ್ಟಲೆ ಕಲಿಸಿದ್ದಕ್ಕೋ ಏನೋ, ಆಗಲಿರುವ ಅನಾಹುತಗಳೂ ನನಗೆ ಮೊದಲೇ ಕಾಣಿಸುತ್ತವೆ. ಅವುಗಳಲ್ಲಿ ಮುಕ್ಕಾಲುಪಾಲು ಆಗುವುದೇ ಇಲ್ಲ. ಅದರಿಂದ ನನಗೇನೂ ಸಮಾಧಾನವಾಗುವುದಿಲ್ಲ. ಮುಂದಕ್ಕೆ ಹೋಗಿವೆ ಅಷ್ಟೇ ಎಂದುಕೊಳ್ಳುತ್ತೇನೆ. ಇಂಥವನಿಗೆ ದೇವರು ನೆರೆಯವರನ್ನಾಗಿ ಕೊಟ್ಟದ್ದು ಅವರನ್ನು. ನಮ್ಮಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಮಣ್ಣಿನ ಮಾಳಿಗೆ.

ಅವರಿಗೆ ಒಂದು ಚಾಳಿಯಿತ್ತು. ಯಾವುದು ಎಷ್ಟು ಬಿಸಿಯಿದೆ ಎಂದು ನೋಡಬೇಕಾದರೂ ಅಂಗೈಯನ್ನಲ್ಲ, ಅದರ ಬೆನ್ನನ್ನು ತಾಗಿಸಿ ನೋಡುತ್ತಿದ್ದರು. ಚಹದ ಗ್ಲಾಸಿಗೆ, ಜ್ವರ ಬಂದ ಹುಡುಗರ ಹಣೆಗೆ, ಬಿಸಿಲಿಗೆ ಕಾದ ಗೋಡೆಗೆ, ಎಲ್ಲಕ್ಕೂ ಕೈಯ ಬೆನ್ನೇ. ಯಾಕೆಂದು ಒಮ್ಮೆ ಕೇಳಿದೆ. "ಅಂಗೈ ಸುಳ್ಳ ಹೇಳತೈತ್ರಿ. ಸಣ್ಣಾಂವಿದ್ದಾಗ ಕುಂಟಿ ಹೊಡದು ಹೊಡದು ದಡ್ಡಗಟ್ಟೇತಿ. ಇದು ನೋಡ್ರಿ, ಹೊಲಕ್ಕ ಹೋಗಿಲ್ಲ, ಸಾಲಿ ಕಲತೈತಿ" ಎಂದು ಕೈ ತಿರುವಿ ತೋರಿಸಿದರು.

ಅವರ ಹೆಂಡತಿಯನ್ನು ನಾವೆಲ್ಲ ವೈನಿ ಎನ್ನುತ್ತಿದ್ದೆವು. ವೈನಿಗೆ ಸಂದುವಾತ. ಬೆಳಗ್ಗೆ ಎದ್ದಾಗ ಎರಡೂ ಕೈಯ ಬೆರಳು ಮಡಚಿದಲ್ಲೇ ಮಡಚಿರುತ್ತಿದ್ದವು. ಬಿಸಿನೀರಿನಲ್ಲಿ ಜಳಕ ಮಾಡಿ, ಒಂದಿಷ್ಟು ಹೊತ್ತು ಕೈಯನ್ನು ಬಿಸಿನೀರಿನಲ್ಲೇ ಇಟ್ಟುಕೊಂಡು ಕೂತರೆ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದವು. ಬಿಡಿಸಿಕೊಂಡ ದಿನ ವೈನಿ ರೊಟ್ಟಿ ಬಡಿಯುತ್ತಿದ್ದರು. ಆ ಪಟಪಟ ಸದ್ದು ನಡುಗೋಡೆ ದಾಟಿ ನನ್ನ ತಲೆದಿಂಬಿನವರೆಗೆ ಬರುತ್ತಿತ್ತು. ಸದ್ದು ಬರದ ದಿನ ನಮ್ಮಾಕಿ ನಾಲ್ಕು ರೊಟ್ಟಿ ಕಟ್ಟಿಕೊಂಡು ಹೋದರೆ, ವೈನಿ ನಗುತ್ತಲೇ, "ಇವತ್ತ ನಮ್ಮ ಕೈ ಸಾಲಿಗೆ ಹೋಗಂಗಿಲ್ಲ ಅಂತಾವ ನೋಡವಾ" ಎನ್ನುತ್ತಿದ್ದರು. ನಕ್ಕರೂ ತಟ್ಟೆಯನ್ನು ಖಾಲಿ ಕಳಿಸುತ್ತಿರಲಿಲ್ಲ, ಶೇಂಗಾ ಹಿಂಡಿ ಹಾಕಿಯೇ ಕಳಿಸುತ್ತಿದ್ದರು. ತನ್ನ ಮನೆಯಲ್ಲಿ ಮಂದಿಯ ರೊಟ್ಟಿ ಉಣ್ಣುವುದು ಅವರಿಗೆ ಬೇನೆಗಿಂತ ದೊಡ್ಡ ಬೇನೆ.

ಒಲೆ ಹೊತ್ತಿಸಿ ನೀರು ಕಾಯಿಸೋಣವೆಂದರೆ ಹೊಗೆಗೆ ವೈನಿಗೆ ದಮ್ಮು ಬರುತ್ತಿತ್ತು. ಎಪ್ಪತ್ತರ ಆಚೀಚೆ ನಮ್ಮ ಓಣಿಗೆ ಕರೆಂಟು ಬಂತು. ನಾವು ಒಂದು ಬಲ್ಬು ಹಾಕಿಸಿ ಅದರ ಕೆಳಗೆ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಮಾಸ್ತರು ಮಾತ್ರ ಬಿಜಾಪುರಕ್ಕೆ ಹೋಗಿ ನೀರು ಕಾಯಿಸುವ ಕಾಯಿಲು ತಂದರು. ಒಂದು ವರ್ಷ ಗೋಡೆಯಾಚೆ ದಿನಾ ರೊಟ್ಟಿಯ ಸದ್ದು. ಆಮೇಲೆ ರೇಟು ಏರಿತು. ಮರುವರ್ಷ ಮತ್ತೆ ಏರಿತು. ಬಿಲ್ಲು ಬಂದ ದಿನ ವೈನಿ ಕಾಯಿಲನ್ನು ಗೂಟಕ್ಕೆ ನೇತುಹಾಕಿ, "ಇನ್ನ ಇದು ಬ್ಯಾಡ್ರಿ. ನಿಮ್ಮ ಪಗಾರೆಲ್ಲಾ ನನ್ನ ಕೈ ತೊಳಿಯಾಕ ಹೊಂಟೈತಿ" ಎಂದರಂತೆ. ಮಾಸ್ತರು ಅಂಗಳಕ್ಕೆ ಬಂದು, ಬಿಸಿಲಲ್ಲಿದ್ದ ಹಿತ್ತಾಳೆ ಕೊಡಕ್ಕೆ ಕೈಯ ಬೆನ್ನು ತಾಗಿಸಿ, ಬಹಳ ಹೊತ್ತು ಹಾಗೇ ನಿಂತಿದ್ದರು. ಇದು ಮಾತ್ರ ನಾನೇ ಕಂಡದ್ದು.

ಮುಂದಿನ ರವಿವಾರ ಮುದ್ದೇಬಿಹಾಳಕ್ಕೆ ಹೊರಟರು. ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲಿ ಎಣ್ಣೆ ಗಿರಣಿಯೊಂದರಲ್ಲಿ ಹಳೆಯ ಕಬ್ಬಿಣದ ಪೀಪಾಯಿ ಕೊಂಡು ಬಸ್ಸಿನ ಮೇಲೆ ಹಾಕಿಸಿದರು. ಕಂಡಕ್ಟರ್ ಬಿಡಲಿಲ್ಲ.

"ಇದಕ್ಕ ಅರ್ಧಾ ಟಿಕೀಟ್ ಆಕ್ಕೈತ್ರಿ."

"ಖಾಲಿ ಪೀಪಾಯಿಗೆಂಥಾ ಟಿಕೀಟೋ?"

"ಖಾಲಿ ಹೊಟ್ಟಿ ಮನಷ್ಯಾರಿಗೂ ನಾವು ಟಿಕೀಟ್ ಹರೀತೇವ್ರಿ."

ಮಾಸ್ತರು ಎಷ್ಟು ನಕ್ಕರೆಂದರೆ ಪೂರ್ತಿ ಟಿಕೀಟೇ ತೆಗೆದುಕೊಂಡರು.

ಪೀಪಾಯಿಗೆ ಒಳಗೆ ಸೋಡಾ ಹಾಕಿ ತೊಳೆದರು, ಹೊರಗೆ ಕರಿ ಬಣ್ಣ ಹಚ್ಚಿದರು. ಹೆಡ್ ಮಾಸ್ತರರು ಬಂದು ನೋಡಿ, "ನಮ್ಮ ಸಾಲಿ ಬೋರ್ಡ್ ಇಷ್ಟ ಕರ್ರಗಿಲ್ಲಲ್ರಿ" ಎಂದು ಸಂಶಯದಿಂದ ಮೂಗು ಉಜ್ಜಿಕೊಂಡು ಹೋದರು. ಪೀಪಾಯಿಯನ್ನು ಮಾಳಿಗೆಯ ಮೇಲೆ ಅಡ್ಡ ಮಲಗಿಸಿ, ಮುಂದೆ ಹಳೇ ಕಪಾಟಿನ ಗಾಜು ನಿಲ್ಲಿಸಿ, ಕೆಳಗೆ ವೈನಿಯ ಬಚ್ಚಲಿಗೆ ಒಂದು ನಳ ಇಳಿಸಿದರು. ಬೆಳಗ್ಗೆ ಶಾಲೆಗೆ ಹೋಗುವ ಮೊದಲು ತಾವೇ ಕೊಡ ಹೊತ್ತು ಏಣಿ ಏರಿ ತುಂಬುವುದು. ಆಮೇಲೆ ಕಾಯಿಸುವವನು ಸೂರ್ಯ, ಅವನಿಗೆ ಬಿಲ್ಲಿಲ್ಲ.

ಎಲ್ಲ ಸರಿಯೇ. ಆದರೆ ತುಂಬಿದ ಆ ಪೀಪಾಯಿಯನ್ನು ಮಲಗಿಸಿದ್ದು ನಡುಗೋಡೆಯ ಮೇಲೆ. ನಾನು ಮಲಗುತ್ತಿದ್ದದ್ದು ಆ ಗೋಡೆಯ ಕೆಳಗೆ.

"ಸರ, ಮಣ್ಣಿನ ಮಾಳಗಿ ಇದು. ಬಿದ್ದರ?"

"ಅದು ಗ್ವಾಡಿ ಮ್ಯಾಲ ಐತ್ರಿ ಹಿಸ್ಟರಿ ಮಾಸ್ತರ, ನಿಮ್ಮ ಮ್ಯಾಲ ಇಲ್ಲ."

ಅದು ತಿಳಿಯುವ ಮಾತೇ. ಚಿಂತೆಗೆ ತಿಳಿಯಬೇಕಲ್ಲ? ನಾನು ಮಂಚವನ್ನು ಎದುರು ಗೋಡೆಗೆ ಸರಿಸಿದೆ. ಅಲ್ಲಿ ಬೆಳಕಿಂಡಿಯಿತ್ತು, ಮಳೆಗಾಲದಲ್ಲಿ ಹನಿ ಕರೆಕ್ಟಾಗಿ ಪಾದದ ಮೇಲೆ ಬೀಳುತ್ತಿತ್ತು. ಪೀಪಾಯಿಯಿಂದ ತಪ್ಪಿಸಿಕೊಂಡವನು ನೆಗಡಿಯಿಂದ ತಪ್ಪಿಸಿಕೊಳ್ಳಲಿಲ್ಲ.

ಸ್ಟಾಫ್ ರೂಮಿನಲ್ಲಿ ನಾನೇ ಒಮ್ಮೆ ಕೆದಕಿದೆ. "ಪೀಪಾಯಿ, ಗಾಜು, ನಳ ಅಂತ ಇಷ್ಟ ಸುರಿವೀರಿ. ಈ ರೊಕ್ಕ ಯಾವಾಗ ಹುಟ್ಟತಾವ್ರಿ?"

"ಅದು ನನ್ನ ಕೈಯಾಗ ಇಲ್ಲ, ರೇಟ್ ಏರಸೋರ ಕೈಯಾಗ ಐತಿ" ಎಂದರು. "ಪೀಪಾಯಿದು ಒಂದ ಸಲದ ಖರ್ಚು. ಅವರು ಎಷ್ಟ ಲಗೂ ಏರಸ್ತಾರ, ಅಷ್ಟ ಲಗೂ ನನ್ನ ಪೀಪಾಯಿ ಸೋವಿ ಆಕ್ಕೋತ ಹೋಗತೈತಿ. ಇವತ್ತ ತುಟ್ಟಿ ಅನ್ನಸ್ತೈತಿ, ಖರೆ. ಇನ್ನೆರಡ ಸಲ ಏರಸ್ಲಿ, ಆವಾಗ ಕೇಳ್ರಿ."

"ಹಂಗಾರ ನಾನೂ ಒಂದ ಇಡಲೇನ್ರಿ?"

"ನಿಮಗ ಬ್ಯಾಡ. ನಿಮ್ಮನ್ಯಾಗ ಉರಿಯೂದ ಒಂದ ಬಲ್ಬು. ಸಂಜಿಗೆ ಅದನ್ನೂ ಆರಿಸಿ ಕತ್ತಲಾಗ ಚಿಂತಿ ಮಾಡ್ತೀರಿ. ಕರೆಂಟ್ ಭಾಳ ಸುಡೋರಿಗೆ ಇದು ಲಾಭ. ನಿಮಗ ಏರಿದ್ರೆಷ್ಟು, ಇಳದ್ರೆಷ್ಟು?"

ಸ್ಟಾಫ್ ರೂಮು ನಕ್ಕಿತು. ನನಗೆ ಅವಮಾನವೇ ಆಯಿತು. ಒಂದು ಪೀಪಾಯಿಗೂ ನಾನು ಲಾಯಕ್ಕಿಲ್ಲವೇ ಎಂದು ಮನೆಗೆ ಹೋಗಿ ನಮ್ಮಾಕಿಯ ಮುಂದೆ ಗೊಣಗಿದೆ. ಅವಳು ಜೋಳ ಹಸನು ಮಾಡುತ್ತ, "ಅವರು ಇದ್ದದ್ದ ಹೇಳ್ಯಾರ" ಎಂದಳು. ಅಂದಿನಿಂದಲೇ ಮಾಸ್ತರರ ಆ ಪ್ರಸಿದ್ಧ ನಗೆ ಶುರುವಾದದ್ದು. ರೇಟು ಏರಿತೆಂದರೆ ಕಿಟಕಿಯ ಪಕ್ಕ ಪೇಪರ್ ಮಡಚಿ ತೊಡೆಯ ಮೇಲಿಟ್ಟುಕೊಂಡು, ನೆಂಟರ ಮನೆಯ ಮದುವೆ ಕಾಗದ ಬಂದವರಂತೆ ಮೆಲ್ಲಗೆ ನಗುವುದು.

ಆದರೆ ಆ ಲೆಕ್ಕದಲ್ಲಿ ನಮ್ಮ ಕಡೆಯ ಒಂದು ರೂಢಿ ಸೇರಿರಲಿಲ್ಲ. ನಾವು ಬೆಳಗ್ಗೆ ಜಳಕ ಮಾಡುವ ಜನ. ಜಳಕವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಬಾಯಿಗೆ ತುತ್ತಿಲ್ಲ. ಪೀಪಾಯಿಯ ನೀರು ಕಾಯುತ್ತಿದ್ದದ್ದು ಸಂಜೆಗೆ! ಸಂಜೆ ನಾಲ್ಕಕ್ಕೆ ಕೈ ಇಟ್ಟರೆ ಕೈ ಸುಡುವ ನೀರು, ಬೆಳಗಾಗುವುದರೊಳಗೆ ಕೆರೆಯ ನೀರು. ಮೊದಮೊದಲು ಮಾಸ್ತರು, "ಸಂಜಿಗೆ ಜಳಕಾ ಮಾಡಿದ್ರ ಏನಾಕ್ಕೈತಿ?" ಎಂದು ಕೇಳಿದರಂತೆ. ವೈನಿ, "ನನ್ನ ಕೈಬೆರಳ ಸಂಜಿಗೆ ಸುಮ್ಮನಿರತಾವ್ರಿ. ಮುಂಜಾನೆ ಜಗಳಾ ತಗೀತಾವ" ಎಂದರು. ಅಲ್ಲಿಗೆ ಮಾಸ್ತರರ ಕೆಲಸ ಏನೆಂಬುದು ಗಟ್ಟಿಯಾಯಿತು. ನೀರು ಕಾಯಿಸುವುದಲ್ಲ, ನಿನ್ನೆಯ ಬಿಸಿಲನ್ನು ಇವತ್ತಿನ ಮುಂಜಾವಿನವರೆಗೆ ಉಳಿಸುವುದು.

ಮೊದಲು ಜೋಳದ ಹೊಟ್ಟು ತಂದು ಪೀಪಾಯಿಯ ಸುತ್ತ ಒಟ್ಟಿದರು. ಬಾಗೇವಾಡಿಯ ಗಾಳಿ ಗೊತ್ತಲ್ಲ. ಅರ್ಧ ಹೊಟ್ಟು ಓಣಿಯ ಕಣ್ಣಿಗೆ, ಇನ್ನರ್ಧ ನಮ್ಮಾಕಿ ಅದೇ ಮಾಳಿಗೆಯ ಮೇಲೆ ಒಣಹಾಕಿದ್ದ ಸಂಡಿಗೆಗೆ. ಅವಳು ಏಣಿಯ ಬುಡದಲ್ಲಿ ನಿಂತು ಕೂಗಿದಳು.

"ಮಾಸ್ತರ, ನಿಮ್ಮ ಹೊಟ್ಟು ನಮ್ಮ ಸಂಡಿಗ್ಯಾಗ ಕುಂತೈತ್ರಿ! ಇವನ್ನ ಎಮ್ಮಿಗಿ ಹಾಕಲೋ, ಇವರಿಗೆ ಹಾಕಲೋ?" ಇವರು ಎಂದರೆ ನಾನು.

"ಇಬ್ಬರಿಗೂ ಹಾಕವಾ. ಯಾರು ಭಾಳ ಚಿಂತಿ ಮಾಡತಾರ ನೋಡೂಣು."

"ಎಮ್ಮಿ ಯಾಕ ಚಿಂತಿ ಮಾಡತೈತ್ರಿ ಪಾಪ" ಎಂದು ಅವಳೇ ನಕ್ಕುಬಿಟ್ಟಳು. ಆಮೇಲೆ ತಲೆ ಎತ್ತಿ ಪೀಪಾಯಿಯನ್ನು ನೋಡುತ್ತ, "ಅದಕ್ಕ ಥಂಡಿ ಹತ್ತತೈತಿ ಅಂದ್ರ ಒಂದ ಕೌದಿ ಹೊಚ್ಚಬಾರದೇನ್ರಿ?" ಎಂದಳು.

ಮಾಸ್ತರು ಏಣಿಯ ಮೇಲೇ ನಿಂತುಬಿಟ್ಟರು. ಇಷ್ಟು ದಿನ ತಾವೇ ಕೌದಿ ಹೊದ್ದು ಮಲಗಿದ್ದು ಆಗ ನೆನಪಾಗಿರಬೇಕು.

ಓಣಿಯ ಹೆಂಗಸರು ಕೂಡಿದರು. ಹಳೇ ಇಳಕಲ್ ಸೀರೆ, ಧೋತರ, ನನ್ನ ಎರಡು ಅಂಗಿ (ನನ್ನನ್ನು ಕೇಳದೆ) ಸೇರಿ ಗಾಡಿಗೆ ಹೊದಿಸುವ ಕೊಲ್ಲಾರಿಯಷ್ಟು ದೊಡ್ಡ ಕೌದಿಯಾಯಿತು. ವೈನಿಯೂ ಸಂಜೆಯ ಹೊತ್ತು, ಬೆರಳು ಕೇಳಿದಷ್ಟು, ಒಂದು ಅಂಚು ಹೊಲಿದರು. "ಮಾಸ್ತರು ಪೀಪಾಯಿಗೆ ಬಾಣಂತನಾ ಮಾಡಾಕತ್ತಾರ" ಎಂದು ಊರು ನಕ್ಕಿತು. ಮಾಸ್ತರು, "ಹೌದಪಾ, ದಿನಾ ಒಂದ ಬಿಸಿನೀರ ಹಡೀತೈತಿ" ಎಂದರು. ದಿನವೂ ಹೊತ್ತು ಬಾಗುವ ಮುಂಚೆ ಏರಿ ಕೌದಿ ಹೊದಿಸಿ ಹಗ್ಗ ಬಿಗಿದು ಬರುತ್ತಿದ್ದರು. ಮುಂಜಾನೆ ನಾನು ಎದುರು ಗೋಡೆಯ ಕೆಳಗೆ ಉಸಿರು ಹಿಡಿದು ಕಾಯುತ್ತಿದ್ದೆ. ನಳ ಬಿಟ್ಟ ಸದ್ದು. ಆಮೇಲೆ ಏನೂ ಇಲ್ಲ. ಆಮೇಲೆ, ನಾನು ಕೆಟ್ಟದ್ದನ್ನೆಲ್ಲ ಯೋಚಿಸಿ ಮುಗಿಸುವ ಹೊತ್ತಿಗೆ, ಪಟಪಟ ಪಟಪಟ.

ನನ್ನ ಬೆಳಗು ಯಾವಾಗ ಆ ಸದ್ದಿಗೆ ಗಂಟು ಬಿದ್ದಿತೋ ನನಗೇ ತಿಳಿಯಲಿಲ್ಲ. ಹೊರಗೆ ಪೀಪಾಯಿಯನ್ನು ಬೈಯುತ್ತಲೇ ಇದ್ದೆ.

ಚಳಿಗಾಲದಲ್ಲಿ ಒಂದು ಬೆಳಗ್ಗೆ ಸದ್ದು ಬರಲಿಲ್ಲ. ಮರುದಿನವೂ ಇಲ್ಲ. ನೀರು ತಣ್ಣಗೆ. ಮಾಸ್ತರು ಗಾಳಿಯ ದಿಕ್ಕು ನೋಡಿದರು, ಇಬ್ಬನಿಯ ಮೇಲೆ ಗುಮಾನಿ ಪಟ್ಟರು, ಗಾಜು ಸರಿಸಿದರು, ಶಾಲೆಯ ಉಷ್ಣಮಾಪಕ ತಂದು ಪೀಪಾಯಿಯ ಬಾಯಲ್ಲಿಟ್ಟು ಕೂತರು. ಪಾಠ ಮಾಡುವಾಗಲೂ ಎಲ್ಲೋ ನೋಡುತ್ತಿದ್ದರು. "ಹಿಸ್ಟರಿ ಮಾಸ್ತರ, ಎಲ್ಲೋ ಸೋರಾಕತ್ತೈತಿ. ನೀರಲ್ಲ, ಬಿಸಿ" ಎಂದರು. ವೈನಿ ನಮ್ಮ ರೊಟ್ಟಿ ಇಸಿದುಕೊಂಡು, ಗೂಟದ ಮೇಲಿನ ಕಾಯಿಲನ್ನು ಒರೆಸಿ ಇಟ್ಟರಂತೆ. ಅದನ್ನು ಕಂಡು ಮಾಸ್ತರರ ಮುಖ ಸಣ್ಣದಾಯಿತು. ನನಗಂತೂ ಚಿಂತೆ ಮಾಡಲು ಇಷ್ಟು ಒಳ್ಳೆಯ ಕಾರಣ ಹಿಂದೆಂದೂ ಸಿಕ್ಕಿರಲಿಲ್ಲ.

ಕಂಡುಹಿಡಿದವಳು ನಮ್ಮಾಕಿ. ಮೆಣಸಿನಕಾಯಿ ಒಣಹಾಕಲು ಏರಿದವಳು ಅಲ್ಲಿಂದಲೇ ಕೂಗಿದಳು. ಕೌದಿಯ ಒಂದು ಮೂಲೆಯಲ್ಲಿ ಇಲಿ ಕಡಿದು ದೊಡ್ಡ ತೂತು ಮಾಡಿತ್ತು; ಒಳಗಿನ ಅರಿವೆಯೆಲ್ಲ ಚಿಂದಿಯಾಗಿತ್ತು. ಅದೇ ಮೂಲೆ ಯಾಕೆಂದು ಮಾಸ್ತರರನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಿತ್ತು. ನಮ್ಮ ಕಡೆ ಕೌದಿಯ ಕೊನೆಯ ಮೂಲೆ ಹೊಲಿಯುವ ಮುಂಚೆ ಒಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಡುತ್ತಾರೆ, ಕೌದಿಯ ಹೊಟ್ಟೆ ಹಸಿದಿರಬಾರದೆಂದು. ಈ ಕೌದಿಗೆ ಹೋಳಿಗೆ ಇಟ್ಟಿದ್ದರು, ಬೆಲ್ಲ ಹೆಚ್ಚು ಹಾಕಿದ್ದು.

ಮಾಸ್ತರು ಮಾಳಿಗೆಯ ಮೇಲೆ ಕಾಲು ಚಾಚಿ ಕೂತು ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ನಾನು ಗಾಳಿ, ಇಬ್ಬನಿ ಅಂತ ತಲಿ ಕೆಡಿಸ್ಕೊಂಡೇನಿ. ನೀವು ಇಲಿಗೆ ಹಬ್ಬಾ ಮಾಡಿಟ್ಟೀರಿ! ತಗೀರಿ ಅದನ್ನ, ಹಂಗ ಹೊಲೀರಿ."

ಕೆಳಗೆ ಅಂಗಳದಿಂದ ವೈನಿಯ ದನಿ ಬಂತು. "ತಗೀಬ್ಯಾಡ್ರಿ. ಹಸದಿದ್ದ ಕೌದಿ ನಿಮ್ಮ ನೀರು ಎಲ್ಲಿ ಬೆಚ್ಚಗ ಇಟ್ಟೀತು?"

ನಗೆ ನಿಂತಿತು. ಮಾಸ್ತರು ವೈನಿಯ ಮುಖ ನೋಡಿದರು, ತೂತು ನೋಡಿದರು. ಆಮೇಲೆ ಜೇಬಿನಿಂದ ಮೂಗಿಗೇರಿಸುವ ತಪಕೀರಿನ ತಗಡಿನ ಡಬ್ಬಿ ತೆಗೆದು, ತಪಕೀರನ್ನು ಗಾಳಿಗೆ ತೂರಿ (ಓಣಿಯೆಲ್ಲ ಸೀನಿತು), ಅದರಲ್ಲಿ ರೊಟ್ಟಿಯ ಚೂರು ಹಾಕಿ ಮುಚ್ಚಳ ಬಿಗಿದು, "ಇದನ್ನ ಇಟ್ಟ ಹೊಲೀರಿ. ಕೌದಿ ಹೊಟ್ಟಿನೂ ತುಂಬಲಿ, ಇಲಿ ಹಲ್ಲೂ ಮುರೀಲಿ" ಎಂದರು. ಮರುದಿನ ಬೆಳಗ್ಗೆ ಸದ್ದು ಬಂತು. ಅವರು ಅಂದಿನಿಂದ ತಪಕೀರು ಬಿಟ್ಟರು. ಬೇರೆ ಡಬ್ಬಿ ಕೊಳ್ಳಲಿಲ್ಲ.

ರಿಟೈರಾಗಿ ಹೊರಟಾಗ ಪೀಪಾಯಿಯನ್ನೂ ಬಸ್ಸಿನ ಮೇಲೆ ಹಾಕಿಸಿದರು. ಕೌದಿಯನ್ನು ಮಾತ್ರ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಬಸ್ಸು ಹೋದ ಮೇಲೆ ನಾನು ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಮಂಚವನ್ನು ಮತ್ತೆ ನಡುಗೋಡೆಗೆ ಸರಿಸಿದ್ದು. ಈಗ ಮೇಲೆ ಯಾವ ಅಪಾಯವೂ ಇರಲಿಲ್ಲ. ಬೆಳಗಿನ ಜಾವ ಎಚ್ಚರಾಗಿ, ಗೋಡೆಗೆ ಕಿವಿ ಕೊಟ್ಟು, ಏನೂ ಕೇಳದೆ ಬಹಳ ಹೊತ್ತು ಬಿದ್ದುಕೊಂಡಿದ್ದೆ. ಆ ಮನೆಗೆ ಆಮೇಲೆ ಬಂದವರು ಅನ್ನ ಉಣ್ಣುವ ಕಡೆಯವರು.

ತೀರಿಕೊಂಡ ಸುದ್ದಿ ನನಗೆ ತಡವಾಗಿ ಮುಟ್ಟಿತು. ಹೋಗಬೇಕು ಹೋಗಬೇಕು ಎನ್ನುತ್ತಲೇ ದಿನ ತಳ್ಳಿದ್ದೆ. ಈ ರೇಟಿನ ಸುದ್ದಿ ಓದಿದ ಮೇಲೆ ತಡೆಯಲಾಗಲಿಲ್ಲ. ಶನಿವಾರ ಶಾಲೆ ಬಿಟ್ಟವನೇ ಸಿಂದಗಿಗೆ ಹೋಗಿ, ಅಲ್ಲಿಂದ ಯಂಕಂಚಿಯ ಬಸ್ಸು ಹಿಡಿದೆ. ಮಾಸ್ತರರ ತಮ್ಮನ ತುಂಬಿದ ಮನೆ. ವೈನಿ ಕಂಬಕ್ಕೆ ಒರಗಿ ಕೂತಿದ್ದರು. ಮೊದಲಿಗಿಂತ ಸಣ್ಣಗಾಗಿದ್ದರು. ಮಾತಾಡಿಸಲು ಹೋದವನ ಬಾಯಿಗೆ ಬಂದದ್ದು ಇದೊಂದೇ.

"ವೈನಿ, ರೇಟು ಮತ್ತ ಏರೈತ್ರಿ."

ವೈನಿ ನನ್ನನ್ನು ನೋಡಿ ನಕ್ಕರು, ನಗುತ್ತಲೇ ಸೆರಗು ಕಣ್ಣಿಗೆ ಒತ್ತಿಕೊಂಡರು. "ಅವರು ಇರಬೇಕಿತ್ತ ತಮ್ಮಾ. ಇವತ್ತ ಊಟಾ ಹೋಗತಿದ್ದಿಲ್ಲ ಅವರಿಗೆ, ಖುಷಿಗೆ."

ಮಾಸ್ತರರ ತಮ್ಮ ಚಹ ಕೊಡುತ್ತ ಕಿವಿ ನಿಮಿರಿಸಿದ. "ಮತ್ತ ಏರೈತ್ರಿ? ನಾನು ನಾಳಿ ಸಿಂದಗಿಗೆ ಹೋಗಿ ಕಾಯಿಲು ತರೋನಿದ್ದೆ. ದಿನಾ ಯಾರ ಏರತಾರ, ಯಾರ ಇಳೀತಾರ, ಪೀಪಾಯಿ ಇಳಿಸಿ ದನಕ್ಕ ನೀರಿಡೂಣು ಅಂತ ಮಾಡಿದ್ದೆ." ಒಂದು ಗುಟುಕು ಚಹ ಕುಡಿದ. "ಇರ್ಲಿ ಬಿಡ್ರಿ ಹಂಗಾರ. ಹೆಂಗೂ ಕುಂತೈತಿ."

ಸತ್ತ ಮೇಲೂ ಅವರ ಲೆಕ್ಕ ಕೂಡಿತು. ರೇಟು ಏರಿಸುವವರೇ ಅವರ ಪರವಾಗಿ ಬಂದು ಮಾತಾಡಿ ಹೋಗಿದ್ದರು. ವೈನಿಯ ಮಡಿಲಲ್ಲಿದ್ದ ಕೈಗಳು ಒಂದನ್ನೊಂದು ಸವರಿಕೊಂಡವು.

ಅಂದು ಹಿಂದಿರುಗುವ ಬಸ್ಸಿರಲಿಲ್ಲ. ಮನೆಯವರೆಲ್ಲ ಹೊಲದಿಂದ ಬರುವುದರಲ್ಲಿ, ದನ ಕಟ್ಟುವುದರಲ್ಲಿ ಇದ್ದರು. ಹೊತ್ತು ಬಾಗುತ್ತಿತ್ತು. ಮಾಳಿಗೆಯ ಮೇಲೆ ಪೀಪಾಯಿ ಬೆತ್ತಲೆ ಮಲಗಿತ್ತು. ಯಾರೂ ಮೇಲೆ ಹೋಗುತ್ತಿಲ್ಲ. ನಾನು ಕೂತೆ, ಎದ್ದೆ, ಮತ್ತೆ ಕೂತೆ. ಕೊನೆಗೆ ಜೀವಮಾನದಲ್ಲಿ ಏಣಿಯನ್ನು ನಂಬದ ನಾನು ಏಣಿ ಏರಿದೆ. ಕೈಯ ಬೆನ್ನನ್ನು ಪೀಪಾಯಿಗೆ ತಾಗಿಸಿದೆ. ಇನ್ನೂ ಬಿಸಿಯಿತ್ತು. ಪಕ್ಕದಲ್ಲೇ ಮಡಚಿಟ್ಟಿದ್ದ ಕೌದಿ ಹೊದಿಸಿ ಹಗ್ಗ ಬಿಗಿಯುವಾಗ ಒಂದು ಮೂಲೆಯಲ್ಲಿ ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಅಲುಗಿಸಿದೆ. ಒಳಗೆ ಒಣಗಿದ ರೊಟ್ಟಿಯ ಚೂರು ಖಳಖಳ ಎಂದಿತು.

ಆ ರಾತ್ರಿ ನಿದ್ದೆ ಬರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಹಗ್ಗ ಸಡಿಲಾಯಿತೇ? ಗಾಳಿ ಬದಿಯನ್ನು ಮುಚ್ಚಿದೆನೇ? ಮುಂಜಾನೆಯ ಬಸ್ಸು ತಪ್ಪಿದರೆ? ಕೋಳಿ ಕೂಗುವ ಹೊತ್ತಿಗೆ ಸ್ವಲ್ಪ ಕಣ್ಣು ಹತ್ತಿರಬೇಕು. ಬಚ್ಚಲಲ್ಲಿ ನಳ ಬಿಟ್ಟ ಸದ್ದಿಗೆ ಎಚ್ಚರವಾಯಿತು. ಆಮೇಲೆ ಏನೂ ಇಲ್ಲ. ಹೊರಗೆ ಬಸ್ಸಿನ ಡ್ರೈವರ್ ಹಾರ್ನು ಬಾರಿಸಿದ. ನಾನು ಹಾಸಿಗೆಯಲ್ಲಿ ಎದ್ದು ಕೂತು, ಚೀಲ ಎತ್ತಿಕೊಳ್ಳದೆ, ಗೋಡೆಯ ಕಡೆ ಕಿವಿ ಕೊಟ್ಟೆ.

ಬಸ್ಸು ಇನ್ನೊಮ್ಮೆ ಹಾರ್ನು ಬಾರಿಸಿ ಹೋಯಿತು. ಅದರ ಸದ್ದು ಊರು ದಾಟುತ್ತಿದ್ದಂತೆ ಗೋಡೆಯಾಚೆ, ಮೊದಲು ತಡವರಿಸುತ್ತ, ಆಮೇಲೆ ಸರಾಗವಾಗಿ, ಪಟಪಟ ಪಟಪಟ.